ಸಾಲ ತೀರಿದ ದಿನ ಬಂದದ್ದು ಸಂತೋಷವೇ, ನೆಮ್ಮದಿಯೇ?

ಮಳೆಹನಿ:
"ದುಡ್ಡಿನಿಂದ ಸುಖ ಬರೋದಿಲ್ಲ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ನಾಲ್ಕು ವರ್ಷ ಸಾಲದಲ್ಲಿದ್ದೆ. ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತಿತ್ತು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಖರ್ಚಿನ ಯೋಚನೆ, ಆಮೇಲೆ ಜ್ವರದ್ದು. ಕೊನೆಯ ಕಂತು ಕಟ್ಟಿದ ದಿನ ಸಂಜೆ ಮಲಗಿದವನು ಮರುದಿನ ಬೆಳಿಗ್ಗೆ ಎದ್ದೆ. ಅದು ಸುಖವಲ್ಲದೆ ಇನ್ನೇನು?

ಸಂಜೆಗಾಳಿ:
ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಅದು ಒಂದು ಮಟ್ಟದವರೆಗೆ ಮಾತ್ರ ಅಲ್ವಾ? ಅಮೆರಿಕದಲ್ಲಿ ವರ್ಷದ ಆದಾಯ 75,000 ಡಾಲರ್ ದಾಟಿದ ಮೇಲೆ ಸಂತೋಷ ಹೆಚ್ಚುವುದಿಲ್ಲ ಅಂತ ಸಂಶೋಧನೆಯೇ ಇದೆ.

ಲೆಕ್ಕಿಗ:
ಆ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ, ಅದರ ಮುಂದಿನ ಕಥೆ ಯಾರೂ ಹೇಳುವುದಿಲ್ಲ. 2010ರಲ್ಲಿ ಅದನ್ನು ಬರೆದವರು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್. ಅವರು ಅಳೆದದ್ದು ಎರಡು ಬೇರೆ ಬೇರೆ ವಿಷಯ. ನಿನ್ನೆಯ ದಿನ ಹೇಗಿತ್ತು, ನಕ್ಕಿರಾ, ಚಿಂತೆ ಮಾಡಿದಿರಾ ಅನ್ನುವುದು ಒಂದು. ಒಟ್ಟಾರೆ ನಿಮ್ಮ ಬದುಕಿಗೆ ಎಷ್ಟು ಅಂಕ ಕೊಡುತ್ತೀರಿ ಅನ್ನುವುದು ಇನ್ನೊಂದು. 75,000ಕ್ಕೆ ನಿಂತದ್ದು ಮೊದಲನೆಯದು. ಎರಡನೆಯದು ಆಮೇಲೂ ಏರುತ್ತಲೇ ಹೋಯಿತು.

2021ರಲ್ಲಿ ಇನ್ನೊಬ್ಬ ಸಂಶೋಧಕ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಸುಮಾರು 33,000 ಉದ್ಯೋಗಿಗಳನ್ನು ಫೋನಿನ ಮೂಲಕ ಆಗಾಗ "ಈಗ ಹೇಗನಿಸುತ್ತಿದೆ?" ಅಂತ ಕೇಳಿದರು. ಆ ದಿನದಿನದ ಖುಷಿಯೂ 75,000ಕ್ಕೆ ನಿಲ್ಲಲಿಲ್ಲ! ಆಗ ಕಾನಮನ್ ಜಗಳಕ್ಕೆ ಹೋಗಲಿಲ್ಲ. ಮನಶ್ಶಾಸ್ತ್ರಜ್ಞೆ ಬಾರ್ಬರಾ ಮೆಲ್ಲರ್ಸ್ ಅವರನ್ನು ಮಧ್ಯಸ್ಥರನ್ನಾಗಿಸಿ, ಕಿಲಿಂಗ್ಸ್‌ವರ್ತ್ ಜೊತೆಯಲ್ಲೇ ಕೂತು ಲೆಕ್ಕವನ್ನು ಮತ್ತೆ ನೋಡಿದರು. ನನಗೆ ಇದು ತುಂಬಾ ಇಷ್ಟವಾದ ಸಂಗತಿ. 2023ರಲ್ಲಿ ಮೂವರೂ ಸೇರಿ ಹೇಳಿದ್ದು: ಹೆಚ್ಚಿನವರಿಗೆ ಆದಾಯದ ಜೊತೆ ಸಂತೋಷವೂ ಏರುತ್ತದೆ. ಎಲ್ಲರಿಗಿಂತ ಕಡಿಮೆ ಸಂತೋಷದಲ್ಲಿರುವ ಗುಂಪಿಗೆ ಮಾತ್ರ ಸುಮಾರು 1,00,000 ಡಾಲರ್ ಆದ ಮೇಲೆ ಏರಿಕೆ ನಿಲ್ಲುತ್ತದೆ. ಸಾವಿನ ದುಃಖ, ಖಿನ್ನತೆ, ಮುರಿದ ಸಂಬಂಧ ಇಂಥವಕ್ಕೆ ಸಂಬಳ ಮದ್ದಲ್ಲ ಅಂತ ನಾನು ಇದನ್ನು ಓದಿಕೊಂಡೆ.

ಇನ್ನೊಂದು ಮಾತು. ಏರಿಕೆ ನಡೆಯುವುದು ಪಟ್ಟಿನ ಲೆಕ್ಕದಲ್ಲಿ. 20,000 ಇದ್ದವನಿಗೆ 40,000 ಆದಾಗ ಸಿಗುವಷ್ಟೇ ಖುಷಿ, 1,00,000 ಇದ್ದವನಿಗೆ 2,00,000 ಆದಾಗ ಸಿಗುತ್ತದೆ. ಬಡವನ ಕೈಯಲ್ಲಿ ಅದೇ ದುಡ್ಡಿಗೆ ಬಲ ಜಾಸ್ತಿ.

ಸಂಜೆಗಾಳಿ:
ಸರಿ, 75,000ದ ಮಾತು ಹಿಂದಕ್ಕೆ ತೆಗೆದುಕೊಂಡೆ. ಆದರೂ ಸಂಬಳ ಹೆಚ್ಚಾದ ಖುಷಿ ನನಗೆ ಮೂರು ತಿಂಗಳೂ ಉಳಿದಿಲ್ಲ. ಲಾಟರಿ ಗೆದ್ದವರು ಬೇರೆಯವರಿಗಿಂತ ಹೆಚ್ಚೇನೂ ಸಂತೋಷವಾಗಿರಲಿಲ್ಲ ಅಂತ 1978ರಲ್ಲೇ ಕಂಡುಕೊಂಡಿದ್ದರಲ್ಲ?

ಲೆಕ್ಕಿಗ:
ಅದರಲ್ಲಿ ಗೆದ್ದವರು ಬರೀ 22 ಜನ. ಆಮೇಲೆ ಸ್ವೀಡನ್ನಿನಲ್ಲಿ ಸಾವಿರಾರು ಲಾಟರಿ ಆಟಗಾರರನ್ನು ನೋಡಿದರು. ದೊಡ್ಡ ಬಹುಮಾನ ಬಂದವರಲ್ಲಿ ಬದುಕಿನ ಬಗ್ಗೆ ತೃಪ್ತಿ ಹತ್ತು ವರ್ಷ ದಾಟಿದರೂ ಹೆಚ್ಚೇ ಇತ್ತು. ದಿನದಿನದ ಖುಷಿಯ ಮೇಲೆ ಆದ ಪರಿಣಾಮ ಮಾತ್ರ ಸಣ್ಣದು.

ಹಿತ್ತಲಗಿಡ:
ಲಾಟರಿ ದುಡ್ಡು ಸುಮ್ನೆ ಬರುತ್ತದೆ. ನಮ್ಮ ದುಡ್ಡು ಹೊತ್ತು ಕೊಟ್ಟು ತಂದದ್ದು. ಅದನ್ನು ಯಾಕೆ ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ? ಎರಡು ವರ್ಷ ರಾತ್ರಿ ಪಾಳಿಯನ್ನೂ ಮಾಡಿದೆ. ಕೈಯಲ್ಲಿ ಕಾಸು ಉಳಿಯಿತು. ಅಷ್ಟರಲ್ಲಿ ಮಗಳು ಏನು ಕೇಳಬೇಕಿದ್ದರೂ ಅವಳ ಅಮ್ಮನ ಹತ್ತಿರವೇ ಹೋಗುವುದನ್ನು ರೂಢಿ ಮಾಡಿಕೊಂಡಿದ್ದಳು. ಅದನ್ನು ಯಾವ ದುಡ್ಡಲ್ಲಿ ವಾಪಸ್ ತರಲಿ?

ಮಳೆಹನಿ:
ಹಿತ್ತಲಗಿಡ ಅವರೇ, ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಸಾಲದ ಕಾಲದಲ್ಲಿ ನಾನೂ ಭಾನುವಾರಗಳನ್ನೆಲ್ಲ ಮಾರಿಕೊಂಡಿದ್ದೆ. ಒಂದು ಮಾತ್ರ ಹೇಳಬಲ್ಲೆ: ಸಾಲ ತೀರಿದ ಮೇಲೆ ನನ್ನ ಕೈಗೆ ಬಂದದ್ದು "ಈ ಭಾನುವಾರ ಕೆಲಸಕ್ಕೆ ಬರುವುದಿಲ್ಲ" ಅನ್ನುವ ಧೈರ್ಯ. ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚು ಇಲ್ಲದಿದ್ದರೆ ಅದು ಬರುತ್ತಿರಲಿಲ್ಲ. ಈಗ ಪಾಳಿ ಬಿಡುವ ಸ್ಥಿತಿಯಲ್ಲಿದ್ದೀರಾ?

ಹಿತ್ತಲಗಿಡ:
ಬಿಟ್ಟು ಎಂಟು ತಿಂಗಳಾಯಿತು. ನಿನ್ನೆ ಮಗಳು ಲೆಕ್ಕದ ಪುಸ್ತಕ ಹಿಡಿದು ನನ್ನ ಪಕ್ಕಕ್ಕೆ ಬಂದು ಕೂತಳು.