ಬಾಕ್ಸ್ ಒಡೆದಿದ್ದೀನಿ, ಆದ್ರೆ ಬಿಲ್ ಇದೆ: ‘ಅರ್ಲಿ ರಿಲೀಸಸ್’ ಲೇಬಲ್ ಸಿಗುತ್ತಾ?

ಬೆಳ್ಳಿಹುಚ್ಚ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸರ್ಕಾರಿ ಟಂಕಸಾಲೆ ಯು.ಎಸ್. ಮಿಂಟ್‌ನಿಂದ ಈ ವರ್ಷದ ಸಿಲ್ವರ್ ಈಗಲ್ ಬೆಳ್ಳಿ ನಾಣ್ಯದ ಪ್ರೂಫ್ (ಸಂಗ್ರಹಕಾರರಿಗೆಂದೇ ಹೊಳಪಾಗಿ ಅಚ್ಚು ಹಾಕಿದ್ದು) ಮೂರು ತರಿಸಿದ್ದೆ. ಮಾರಾಟ ಶುರುವಾದ ದಿನವೇ ಗಡಿಯಾರ ನೋಡಿಕೊಂಡು ಕೂತು ಒಂದಕ್ಕೆ ಆರ್ಡರ್ ಹಾಕಿದೆ. ಮಾರನೇ ದಿನ ಆಸೆ ತಡೆಯಲಾರದೆ ಇನ್ನೆರಡು. ಹಾಗಾಗಿ ಎರಡು ಪಾರ್ಸೆಲ್. ಮೊದಲನೆಯದು ಬಂದ ಸಂಜೆಯೇ ಕತ್ತರಿ ಹಾಕಿಬಿಟ್ಟೆ. ಎರಡನೆಯದು ಬರುವ ಹೊತ್ತಿಗೆ ಕೆಲಸದ ಮೇಲೆ ಊರಲ್ಲಿರಲಿಲ್ಲ. ಅದು ಬಂದ ಹಾಗೇ ಕಪಾಟಿನಲ್ಲಿದೆ.

ನಾಣ್ಯ ಬಿಡುಗಡೆಯಾಗಿ ಈಗ 74 ದಿನ. ಮೂರನ್ನೂ ನಾಣ್ಯದ ಗುಣಮಟ್ಟ ಅಳೆದು ಲೇಬಲ್ ಹಾಕಿಕೊಡುವ ಗ್ರೇಡಿಂಗ್ ಕಂಪನಿಗೆ ಕಳಿಸಿ, ಬಿಡುಗಡೆಯಾದ ಹೊಸದರಲ್ಲೇ ಬಂದದ್ದು ಅಂತ ಹೇಳುವ ‘ಅರ್ಲಿ ರಿಲೀಸಸ್’ ಲೇಬಲ್ ಹಾಕಿಸೋಣ ಅಂತ ಹೊರಟರೆ, ಒಡೆದ ಬಾಕ್ಸಿನದು ಆಗಲ್ಲ ಅಂದುಬಿಟ್ಟರು ಕಂಪನಿಯವರು. ಮಿಂಟ್ ಕಳಿಸಿದ ಇಮೇಲ್ ಇದೆ. ಪ್ಯಾಕಿಂಗ್ ಸ್ಲಿಪ್, ಕಾರ್ಡ್ ಸ್ಟೇಟ್‌ಮೆಂಟ್, ಟ್ರ್ಯಾಕಿಂಗ್, ನಾಣ್ಯದ ಜೊತೆ ಬಂದ ಸರ್ಟಿಫಿಕೇಟ್ ಎಲ್ಲಾ ಇದೆ. ನನ್ನ ಮದುವೆಗೂ ಇಷ್ಟು ಕಾಗದ ಜೋಡಿಸಿರಲಿಲ್ಲ. ಇನ್ನೇನು ಪುರಾವೆ ಬೇಕು ಇವರಿಗೆ?

ಹಳೆಕಾಸು

ನಿಮ್ಮ ಸಿಟ್ಟು ಅರ್ಥ ಆಗುತ್ತೆ. ನಾನೂ ಒಮ್ಮೆ ಇದೇ ಹಳ್ಳಕ್ಕೆ ಬಿದ್ದವನು. ಐದು ಪ್ರೂಫ್, 41ನೇ ದಿನ, ಜೊತೆಗೆ ಪ್ಲಾಸ್ಟಿಕ್ ಫೈಲಿನಲ್ಲಿ ನೀಟಾಗಿ ಬಿಲ್ಲುಗಳು. ಐದೂ ಮಾಮೂಲಿ ಲೇಬಲ್‌ನಲ್ಲಿ ವಾಪಸ್ ಬಂದವು. ಫೈಲನ್ನೂ ಜೋಪಾನವಾಗಿ ವಾಪಸ್ ಕಳಿಸಿದ್ದರು, ಅದೇ ಜಾಸ್ತಿ ಉರಿದಿದ್ದು.

ಆಮೇಲೆ ಕೂತು ಯೋಚಿಸಿದರೆ ತಪ್ಪು ಅವರದಲ್ಲ ಅನಿಸಿತು. ನಿಮ್ಮ ಬಿಲ್ ಏನು ಹೇಳುತ್ತೆ? ನೀವು ಇಂಥ ದಿನ ಒಂದು ಸಿಲ್ವರ್ ಈಗಲ್ ಕೊಂಡಿರಿ ಅಂತ. ಕಳಿಸುತ್ತಿರುವ ನಾಣ್ಯ ಅದೇ ಅಂತ ಹೇಳುತ್ತಾ? ಇಲ್ಲ. ನಾಣ್ಯದ ಮೇಲೆ ವರ್ಷ ಇರುತ್ತೆ, ಟಂಕಸಾಲೆಯ ಗುರುತು ಇರುತ್ತೆ. ನೋಟಿನ ಮೇಲಿರುವ ಹಾಗೆ ನಂಬರ್ ಇರಲ್ಲ. ಮಾರ್ಚ್‌ನಲ್ಲಿ ಬಂದದ್ದನ್ನೂ ನವೆಂಬರ್‌ನಲ್ಲಿ ಬಂದದ್ದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬೆರೆಸಿದರೆ, ನೀವೂ ಹೇಳಲಾರಿರಿ ನಾನೂ ಹೇಳಲಾರೆ. ಪ್ರೂಫ್ ಬರುವ ಕ್ಯಾಪ್ಸೂಲ್ ಉಗುರು ಹಾಕಿದರೆ ಬಿಚ್ಚುತ್ತೆ. ಮಾರ್ಚ್ ಬಿಲ್ ಇಟ್ಟುಕೊಂಡು, ಚೆನ್ನಾಗಿರುವ ನವೆಂಬರ್ ನಾಣ್ಯ ಕಳಿಸಿದರೆ ಹಿಡಿಯೋದು ಹೇಗೆ? ನೀವು ಹಾಗೆ ಮಾಡಲ್ಲ, ಸರಿ. ಲೇಬಲ್ ಹಾಕುವವರಿಗೆ ನೀವು ಯಾರು ಅಂತ ಗೊತ್ತಿಲ್ಲವಲ್ಲ.

ಸರ್ಟಿಫಿಕೇಟ್ ವಿಷಯಕ್ಕಂತೂ ತಲೆ ಕೆಡಿಸಿಕೊಳ್ಳಬೇಡಿ. ಅದು ನಾಣ್ಯ ಏನು ಅಂತ ಹೇಳುತ್ತೆ. ನಿಮ್ಮ ಮನೆಗೆ ಯಾವತ್ತು ಬಂತು ಅಂತ ಹೇಳಲ್ಲ.

ಅದಕ್ಕೇ ಅವರು ನಂಬೋದು ಎರಡನ್ನು. ಒಂದು, ನಾಣ್ಯವೇ 30 ದಿನದೊಳಗೆ ಅವರ ಕೈಗೋ ಅವರು ಒಪ್ಪಿದ ಡಿಪಾಸಿಟರಿಗೋ (ನಾಣ್ಯ ಜೋಪಾನವಾಗಿ ಇಡುವ ಸಂಸ್ಥೆ) ಸೇರಿರಬೇಕು. ಹಾಗೆ ಸೇರಿದ್ದರೆ ಬಾಕ್ಸ್ ಒಡೆದಿದ್ದರೂ ಪರವಾಗಿಲ್ಲ, ಯಾಕಂದರೆ ಆ ದಿನಕ್ಕೆ ನಾಣ್ಯ ಕಣ್ಣೆದುರೇ ಇದೆ. ಇನ್ನೊಂದು, ದಿನ ಕಳೆದಿದ್ದರೆ ಮಿಂಟ್ ಕಳಿಸಿದ ಪೆಟ್ಟಿಗೆ ಒಡೆಯದೆ ಇರಬೇಕು, ಅದರ ಮೇಲೆ 30 ದಿನದೊಳಗಿನ ತಾರೀಕು ಇರಬೇಕು. ಎಣಿಕೆ ಶುರುವಾಗೋದು ಬಿಡುಗಡೆಯ ದಿನದಿಂದ, ಪಾರ್ಸೆಲ್ ನಿಮ್ಮ ಬಾಗಿಲಿಗೆ ಬಂದ ದಿನದಿಂದಲ್ಲ. ಇಲ್ಲೇ ತುಂಬಾ ಜನ ಎಡವೋದು.

ಎನ್‌ಜಿಸಿ ಅನ್ನೋ ಗ್ರೇಡಿಂಗ್ ಕಂಪನಿ ಇದಕ್ಕೆ ‘ಅರ್ಲಿ ರಿಲೀಸಸ್’ ಅಥವಾ ‘ಫಸ್ಟ್ ರಿಲೀಸಸ್’ ಅಂತ ಬರೆಯುತ್ತೆ. ಎರಡಕ್ಕೂ ನಿಯಮ ಒಂದೇ, ಹೆಸರು ನಿಮ್ಮ ಇಷ್ಟ. ಇನ್ನೊಂದು ಕಂಪನಿ ಪಿಸಿಜಿಎಸ್‌ನವರದು ‘ಫಸ್ಟ್ ಸ್ಟ್ರೈಕ್’, ಅಲ್ಲೂ 30 ದಿನದ್ದೇ ಲೆಕ್ಕ.

ನಿಮ್ಮ ಕಪಾಟಿನ ಪಾರ್ಸೆಲ್‌ಗೆ ಇನ್ನೂ ಜೀವ ಇದೆ. ಮುಟ್ಟಬೇಡಿ. ಮೇಲಿನ ಚೀಟಿಯಲ್ಲಿ ತಾರೀಕು ಓದಲು ಬರುತ್ತಾ ನೋಡಿ. ಬಂದರೆ ಆ ಪೆಟ್ಟಿಗೆಯನ್ನು ಹಾಗೇ ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ ಇಟ್ಟು ಕಳಿಸಿ. ಅದರ ಮೇಲೆ ನೇರವಾಗಿ ಹೊಸ ಚೀಟಿ ಅಂಟಿಸಬೇಡಿ. ಫಾರಂ ತುಂಬುವಾಗಲೇ ಯಾವ ಲೇಬಲ್ ಬೇಕು ಅಂತ ಬರೆಯಿರಿ. ಅವರು ಒಮ್ಮೆ ಒಡೆದರೆ ಪುರಾವೆ ಮುಗೀತು, ಆಮೇಲೆ ನೆನಪಾಯ್ತು ಅಂದರೆ ನಡೆಯಲ್ಲ.

ಮೂರುಕಾಸು

ಕೋಪ ಮಾಡ್ಕೋಬೇಡಿ, ಆದರೆ ಇಷ್ಟೆಲ್ಲಾ ಯಾಕೆ? ಮೊದಲು ಅಚ್ಚಾದದ್ದು ಯಾವುದು ಅನ್ನೋ ಲೆಕ್ಕ ಮಿಂಟ್ ಇಡೋದೇ ಇಲ್ಲ, ಹಾಗಂತ ಅವರೇ ಹೇಳಿದ್ದಾರೆ. ಬಿಡುಗಡೆಗೆ ಮುಂಚೆಯೇ ರಾಶಿ ಅಚ್ಚು ಹಾಕಿ ಇಟ್ಟಿರ್ತಾರೆ. ಮೊದಲ ದಿನ ನಿಮಗೆ ಬಂದದ್ದು ಆ ರಾಶಿಯ ಕೊನೆಯದೂ ಆಗಿರಬಹುದು. ಅಚ್ಚು ಸವೆದ ಹಾಗೆಲ್ಲಾ ಬದಲಾಯಿಸ್ತಾರೆ, ಹಾಗಾಗಿ ತಡವಾಗಿ ಬಂದ ನಾಣ್ಯ ಇನ್ನೂ ಚೂಪಾಗಿರಬಹುದು. ಲೇಬಲ್ ಹೇಳೋದು ಟಪಾಲಿನ ಕಥೆ, ನಾಣ್ಯದ ಕಥೆ ಅಲ್ಲ. ಅದಕ್ಕೆ ಬೇರೆ ಶುಲ್ಕ ಬೇರೆ.

ಹಳೆಕಾಸು

ಮೂರುಕಾಸು ಅವರ ಮಾತು ನೂರಕ್ಕೆ ನೂರು ಸರಿ. ನಾನೂ ಸುಮ್ನೆ ಮಾಮೂಲಿ ಲೇಬಲ್ ಕೊಳ್ಳುವವನೇ. ಆದರೆ ಬೆಳ್ಳಿಹುಚ್ಚ ಅವರು ಕೇಳಿದ್ದು ಸಿಗುತ್ತಾ ಅಂತ, ಬೇಕಾ ಅಂತ ಅಲ್ಲ.

ಕೊಳವೆಭಾಗ್ಯ

ಬುಲಿಯನ್ ಈಗಲ್ (ಪ್ರೂಫ್ ಅಲ್ಲದ, ಬೆಳ್ಳಿಯ ಹೂಡಿಕೆಗೆಂದು ಕೊಳ್ಳುವ ನಾಣ್ಯ) ಕೊಳ್ಳುವವರಿಗೆ ಒಂದು ಮಾತು. ಅವನ್ನು ಮಿಂಟ್ ನಮಗೆ ನೇರವಾಗಿ ಮಾರಲ್ಲ. ಒಪ್ಪಿಗೆ ಪಡೆದ ದೊಡ್ಡ ಖರೀದಿದಾರರ ಮೂಲಕವೇ ಬರೋದು. ಹಾಗಾಗಿ ಮಿಂಟ್‌ನಿಂದ ನಮ್ಮ ಹೆಸರಿಗೆ ಬಂದ ಪಾರ್ಸೆಲ್ ಅನ್ನೋದೇ ಇರಲ್ಲ. ಬಿಡಿ ಕೊಳವೆಯಲ್ಲಿ 20 ನಾಣ್ಯ ತಂದವರು ಗಡುವಿನೊಳಗೆ ತಲುಪಿಸಲೇಬೇಕು. ಇಂಥ 25 ಕೊಳವೆ, ಅಂದರೆ 500 ನಾಣ್ಯದ ಹಸಿರು ಮಾನ್‌ಸ್ಟರ್ ಬಾಕ್ಸ್ ಆದರೆ ಬೇರೆ ಮಾತು. ಅದಕ್ಕೆ ಸುತ್ತಿ ಬಿಗಿದ ಪಟ್ಟಿ ಕತ್ತರಿಸದೆ ಇಟ್ಟಿದ್ದರೆ, ಮಿಂಟ್ ಹಾಕಿದ ತಾರೀಕು ಸರಿಯಿದ್ದರೆ, ಕೇಳಿ ನೋಡಬಹುದು. ನನ್ನ ಪರಿಚಯದವರೊಬ್ಬರು ಒಂದೇ ಒಂದು ಕೊಳವೆ ತೆಗೆಯೋಕೆ ಆ ಪಟ್ಟಿ ಕತ್ತರಿಸಿದರು. ಉಳಿದ 480ಕ್ಕೂ ಸೇರಿ ಲೇಬಲ್ ಅವಕಾಶ ಹೋಯ್ತು.

ಬೆಳ್ಳಿಹುಚ್ಚ

ಹಳೆಕಾಸು ಸರ್, ಈಗ ಸಮಾಧಾನವಾಯ್ತು. ಸಿಟ್ಟು ಹೋಗಿಲ್ಲ, ಅರ್ಥವಂತೂ ಆಯ್ತು.

ಕಪಾಟಿನಿಂದ ಪೆಟ್ಟಿಗೆ ಇಳಿಸಿ ನೋಡಿದೆ. ಚೀಟಿಯಲ್ಲಿ ತಾರೀಕು ಸ್ಪಷ್ಟವಾಗಿದೆ, ಬಿಡುಗಡೆಯಾಗಿ 9ನೇ ದಿನದ್ದು. ಆದರೆ ಒಂದು ಎಡವಟ್ಟು. ಪಾರ್ಸೆಲ್ ಇಸಕೊಂಡಿದ್ದು ನಮ್ಮ ಮಾವ. ಬಹಳ ಅಚ್ಚುಕಟ್ಟಿನ ಮನುಷ್ಯ. ಒಂದು ಮೂಲೆಯಲ್ಲಿ ಟೇಪ್ ಎದ್ದಿತ್ತಂತೆ, ಅದರ ಮೇಲೆ ತಾವೇ ಕಂದು ಟೇಪಿನ ಗೇಣುದ್ದದ ತುಂಡು ಅಂಟಿಸಿದ್ದಾರೆ. ಕೈಯಾಡಿಸಿ ಗುಳ್ಳೆ ಕೂಡ ತೆಗೆದಿದ್ದಾರೆ. ಅದನ್ನು ಕಿತ್ತುಬಿಡಲಾ?

ಹಳೆಕಾಸು

ಅಯ್ಯೋ, ಕೀಳಬೇಡಿ! ಕಿತ್ತರೆ ರಟ್ಟಿನ ಮೇಲ್ಪದರವೂ ಅದರ ಜೊತೆ ಬರುತ್ತೆ. ಆಗ ನಿಜವಾಗಿಯೂ ಒಡೆದು ಅಂಟಿಸಿದ ಹಾಗೆ ಕಾಣುತ್ತೆ. ಆರು ಮಗ್ಗುಲಿನ ಫೋಟೋ ತೆಗೆಯಿರಿ. ಮಾವನ ಟೇಪ್ ಕೆಳಗೆ ಮೂಲ ಟೇಪ್ ತುಂಡಾಗಿಲ್ಲ ಅಂತ ಕಾಣುವ ಹಾಗೆ ಓರೆ ಬೆಳಕಲ್ಲಿ ಒಂದು ತೆಗೆಯಿರಿ. ಕಳಿಸುವ ಮೊದಲೇ ಇದ್ದದ್ದು ಇದ್ದ ಹಾಗೆ ಬರೆದು ಕೇಳಿ. ಒಪ್ಪೋದು ಬಿಡೋದು ಅವರಿಗೆ ಸೇರಿದ್ದು. ಬೇಡ ಅಂದರೆ ಕಳಿಸುವ ಖರ್ಚಾದರೂ ಉಳಿಯುತ್ತೆ.

ಬೆಳ್ಳಿಹುಚ್ಚ

ಫೋಟೋ ಕಳಿಸಿ ಕೇಳಿದೆ. ಪೆಟ್ಟಿಗೆ ಕೈಗೆ ಬಂದ ಮೇಲೆ ನೋಡಿ ಹೇಳ್ತೀವಿ, ಈಗಲೇ ಮಾತು ಕೊಡಲ್ಲ ಅಂದರು. ಕಳಿಸ್ತಿದ್ದೀನಿ. ಒಡೆದ ಬಾಕ್ಸಿನದು ನನ್ನ ಮೇಜಿನ ಮೇಲೇ ಇರಲಿ, ದಿನಾ ನೋಡೋಕೆ ಒಂದು ಬೇಕಲ್ವಾ.

ದೊಡ್ಡ ಪೆಟ್ಟಿಗೆಗೆ ಕಾಗದ ತುರುಕುತ್ತಿದ್ದಾಗ ಮಾವ ಬಂದು ನಿಂತರು. “ಒಳಗೆ ನಿಜವಾಗಿ ಎರಡಿದೆಯಾ ಅಂತ ನೋಡಿದೀಯಾ?” ಅಂದರು. ಇಲ್ಲ ಮಾವ, ನೋಡೋ ಹಾಗಿಲ್ಲ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಟೇಪಿನ ಸುರುಳಿ ತರೋಕೆ ಒಳಗೆ ಹೋದರು.