ಪ್ರಿನ್ಸ್ ಆಡಬೇಕು: ಡಾಸ್‌ಬಾಕ್ಸೋ, 86ಬಾಕ್ಸೋ, ಇಲ್ಲಾ ಹಳೇ ಡಬ್ಬಾನೇ ಬೇಕೋ?

ಅಟ್ಟದ_ಫ್ಲಾಪಿ
ಅಟ್ಟ ಗುಡಿಸುವಾಗ ಸೋದರಮಾವನ ಒಂದು ಪೆಟ್ಟಿಗೆ ಸಿಕ್ಕಿತು. ಅವರು 1991ರಲ್ಲಿ ಅಮೆರಿಕದಿಂದ ಬರುವಾಗ ತಂದ ಒರಿಜಿನಲ್ ಪ್ರಿನ್ಸ್ ಆಫ್ ಪರ್ಷಿಯಾ, ಜೊತೆಗೆ ವಿಂಗ್ ಕಮಾಂಡರ್, ಎರಡೂ ಹಳೇ ಡಾಸ್ ಆಟಗಳು. ಪುಸ್ತಕ ಗಿಸ್ತಕ ಎಲ್ಲ ಗೆದ್ದಲಿಗೆ ಹೋಗಿದೆ, ಮೂರೂವರೆ ಇಂಚಿನ ಫ್ಲಾಪಿಗಳು ಮಾತ್ರ ಉಳಿದಿವೆ. ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿ ಹಾಕಿದೆ. ನಂಬ್ತೀರೋ ಇಲ್ವೋ, ಎಲ್ಲಾ ಓದಿತು!

ಆದರೆ ವಿಂಡೋಸ್ 11 'ಈ ಆ್ಯಪ್ ಇಲ್ಲಿ ಓಡಲ್ಲ' ಅಂತ ಮುಖ ತಿರುಗಿಸಿತು. ಯಾವುದೋ ವಿಡಿಯೋ ನೋಡಿ ಡಾಸ್‌ಬಾಕ್ಸ್ 0.74-3 ಹಾಕಿಕೊಂಡೆ, ಹೊಸ ಯಂತ್ರದೊಳಗೆ ಹಳೇ ಡಾಸ್ ಕಂಪ್ಯೂಟರಿನ ವೇಷ ಹಾಕೋ ಎಮ್ಯುಲೇಟರ್ ಅದು. ಪ್ರಿನ್ಸ್ ಓಡ್ತಾನೆ, ಆದರೆ ಕಿಟಕಿ ಅಂಗೈಯಷ್ಟು, ಆಳು ಸ್ವಲ್ಪ ಕುಳ್ಳಗೆ ಕಾಣ್ತಾನೆ, ಸದ್ದು ಕರಕರ ಅಂತ ಒಡೆಯುತ್ತೆ. ವಿಂಗ್ ಕಮಾಂಡರ್ ಕಥೆ ಕೇಳಲೇಬೇಡಿ, ಶತ್ರು ವಿಮಾನ ಕಾಣಿಸೋದ್ರೊಳಗೆ ನಾನು ಸತ್ತಿರ್ತೀನಿ. ಹನ್ನೊಂದು ವರ್ಷದ ಮಗಳಿಗೆ 'ನಾವು ಸ್ಕೂಲ್ ಲ್ಯಾಬ್‌ನಲ್ಲಿ ಶನಿವಾರ ಇದಕ್ಕೇ ಜಗಳ ಆಡ್ತಿದ್ವಿ' ಅಂತ ಕೊಚ್ಚಿಕೊಂಡು ಕೂರಿಸಿದ್ದೆ, ಮರ್ಯಾದೆ ಹೋಯ್ತು. ಹುಡುಕಿದರೆ ಡಾಸ್‌ಬಾಕ್ಸ್‌ನಲ್ಲೇ ನಾಲ್ಕು ಥರ, 86ಬಾಕ್ಸ್ ಅನ್ನೋ ಇನ್ನೊಂದು ಎಮ್ಯುಲೇಟರ್ ಅಂತೆ, ಫ್ರೀಡಾಸ್ ಅನ್ನೋ ಉಚಿತ ಡಾಸ್ ಅಂತೆ. ಯಾವುದು ಹಾಕಲಿ?

ಮಂಜ_486
ಮೊದಲು ಇದು ಹೇಳಿ ಸರ್, ಸೆಟ್ಟಿಂಗ್‌ನಲ್ಲಿ ಸೈಕಲ್ಸ್ ಅನ್ನೋದನ್ನ ಮುಟ್ಟಿದಿರಾ?

ಅಟ್ಟದ_ಫ್ಲಾಪಿ
ಹೌದು, ವಿಡಿಯೋದಲ್ಲಿ ಮ್ಯಾಕ್ಸ್ ಅಂತ ಹಾಕಿ ಅಂದಿದ್ದರು, ಹಾಕಿದೆ.

ಮಂಜ_486
ಅಲ್ಲೇ ಎಡವಟ್ಟಾಗಿದ್ದು. ಸೈಕಲ್ಸ್ ಅಂದರೆ ಡಾಸ್‌ಬಾಕ್ಸ್ ಒಂದು ಮಿಲಿಸೆಕೆಂಡಿಗೆ ಎಷ್ಟು ಸೂಚನೆ ನಡೆಸಬೇಕು ಅನ್ನೋ ಲೆಕ್ಕ. ಅಂದಾಜು 3000 ಅಂದರೆ ಹಳೇ 286 ಪ್ರೊಸೆಸರ್ ಮಟ್ಟ, 25000ದ ಹತ್ತಿರ ಹೋದರೆ ಅದಕ್ಕಿಂತ ವೇಗದ 486 ಡಿಎಕ್ಸ್2-66. ಮ್ಯಾಕ್ಸ್ ಅಂದರೆ 'ಇರೋದೆಲ್ಲ ಬಾಚಿಕೋ' ಅಂದ ಹಾಗೆ. ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ, ಸದ್ದಿಗೆ ಸಮಯಕ್ಕೆ ಸರಿಯಾಗಿ ಪಾಲು ಸಿಗಲ್ಲ, ಅದಕ್ಕೇ ಕರಕರ. ಪ್ರಿನ್ಸ್ ತನ್ನ ನಡಿಗೆಯನ್ನ ಟೈಮರ್ ನೋಡಿಕೊಂಡು ಇಡುತ್ತಾನೆ, ಅದಕ್ಕೆ ಅವನ ವೇಗ ಕೆಡಲಿಲ್ಲ. 1990ರ ವಿಂಗ್ ಕಮಾಂಡರ್‌ಗೆ ಆ ಬುದ್ಧಿ ಇಲ್ಲ, ಪ್ರೊಸೆಸರ್ ಎಷ್ಟು ಓಡಿದರೆ ಅಷ್ಟು ಓಡುತ್ತೆ. 486 ಬಂದಾಗಲೇ ಅದು ಜಾಸ್ತಿ ವೇಗ ಆಯ್ತು ಅಂತ ಜನ ಟರ್ಬೋ ಬಟನ್ ಒತ್ತಿ ನಿಧಾನ ಮಾಡಿಕೊಳ್ಳುತ್ತಿದ್ದರು.

ಆಟ ನಡೀತಿರುವಾಗಲೇ ಕಂಟ್ರೋಲ್ ಎಫ್11 ಒತ್ತಿದರೆ ಇಳಿಯುತ್ತೆ, ಕಂಟ್ರೋಲ್ ಎಫ್12 ಒತ್ತಿದರೆ ಏರುತ್ತೆ. ಇನ್ನು ಕುಳ್ಳ ಪ್ರಿನ್ಸ್: ಆ ಕಾಲದ ಚಿತ್ರ 320 ಅಡ್ಡ, 200 ಉದ್ದ, ಆದರೆ ಮಾನಿಟರ್ 4:3. ಒಂದೊಂದು ಚುಕ್ಕೆಯೂ ಅಗಲಕ್ಕಿಂತ ಎತ್ತರ ಜಾಸ್ತಿ ಇತ್ತು. ಹಳೇ ಡಾಸ್‌ಬಾಕ್ಸ್‌ನಲ್ಲಿ ಆಸ್ಪೆಕ್ಟ್ ಅನ್ನೋದನ್ನ ನೀವೇ ಆನ್ ಮಾಡಬೇಕು. ಇಷ್ಟೆಲ್ಲ ತಲೆನೋವು ಬೇಡ ಅಂದರೆ ಡಾಸ್‌ಬಾಕ್ಸ್‌ನಿಂದಲೇ ಕವಲೊಡೆದ ಹೊಸ ರೂಪ, ಡಾಸ್‌ಬಾಕ್ಸ್ ಸ್ಟೇಜಿಂಗ್ ಹಾಕಿ. ನಿಮ್ಮ 0.74 ಸಾಲು 2010ರದ್ದು, 2019ರಲ್ಲಿ ಬಂದ 0.74-3 ಅದಕ್ಕೆ ಹಾಕಿದ ತೇಪೆ ಅಷ್ಟೇ. ಸ್ಟೇಜಿಂಗ್‌ನಲ್ಲಿ ಈ ಆಕಾರದ ಗೊಡವೆ ಮೊದಲೇ ಸರಿ ಮಾಡಿಟ್ಟಿದ್ದಾರೆ.

ಕಡಲತಡಿ_ಗೇಮರ್
ಮಂಜಣ್ಣ ಹೇಳಿದ್ದು ಸರಿಯೇ, ಆದರೆ ಅರ್ಧ ಸರಿ ಮಾರಾಯ್ರೆ. ಡಾಸ್‌ಬಾಕ್ಸ್‌ನ ಲೆಕ್ಕದಲ್ಲಿ ಎಲ್ಲ ಸೂಚನೆಗೂ ಒಂದೇ ಬೆಲೆ. ನಿಜವಾದ 8086 ಪ್ರೊಸೆಸರಿನಲ್ಲಿ ಎರಡು ರಿಜಿಸ್ಟರ್ (ಒಳಗೆ ಸಂಖ್ಯೆ ಇಡುವ ಜಾಗ) ಕೂಡಿಸಲು 3 ಕ್ಲಾಕ್ ಮಿಡಿತ ಸಾಕು, 16 ಬಿಟ್ ಗುಣಾಕಾರಕ್ಕೆ 118ರಿಂದ 133 ಬೇಕು. ಡಾಸ್‌ಬಾಕ್ಸ್‌ಗೆ ಎರಡೂ ಒಂದೇ! ಒಂದು ಇಡ್ಲಿಗೂ ಪೂರ್ತಿ ಊಟಕ್ಕೂ ಒಂದೇ ರೇಟ್ ಹಾಕಿದ ಹೋಟೆಲಿನ ಹಾಗೆ. ಅದಕ್ಕೇ ವಿಂಗ್ ಕಮಾಂಡರ್‌ನಲ್ಲಿ ಸೈಕಲ್ಸ್ ಒಂದು ಕಡೆ ಇಟ್ಟರೆ ಖಾಲಿ ಆಕಾಶದಲ್ಲಿ ಸರಿ ಇರುತ್ತದೆ, ನಾಲ್ಕು ವಿಮಾನ ಬಂದ ಕೂಡಲೇ ತೆವಳುತ್ತದೆ. ಇನ್ನೊಂದು ಕಡೆ ಇಟ್ಟರೆ ಉಲ್ಟಾ.

86ಬಾಕ್ಸ್ ಹಾಗಲ್ಲ. ಅದು ಪಿಸಿಎಮ್ ಅನ್ನುವ ಎಮ್ಯುಲೇಟರ್‌ನಿಂದ ಕವಲೊಡೆದದ್ದು. ಅಲ್ಲಿ ನೀವು 'ಡಾಸ್' ಓಡಿಸುವುದಿಲ್ಲ, ಇಡೀ ಕಂಪ್ಯೂಟರ್ ಕಟ್ಟುತ್ತೀರಿ. ಯಾವ ಮದರ್‌ಬೋರ್ಡ್, ಯಾವ 386, ಎಷ್ಟು ಮೆಮೊರಿ, ಚಿತ್ರ ತೋರಿಸಲು ಯಾವ ವಿಜಿಎ ಕಾರ್ಡ್, ಎಲ್ಲ ನೀವೇ ಆರಿಸುವುದು. ಆಮೇಲೆ ಯಂತ್ರ ಎಬ್ಬಿಸುವ ಬಯೋಸ್, ಆಮೇಲೆ ಡಾಸ್ ಫ್ಲಾಪಿ ಹಾಕಿ ಇನ್‌ಸ್ಟಾಲ್. 386 ಅಂದರೆ 386ರ ಹಾಗೇ ಓಡುತ್ತದೆ. ಬೇಕಾದರೆ ಆ ಮೆಮೊರಿ ಎಣಿಸುವ ಟಿಕ್ ಟಿಕ್ ಕೂಡ ಕೇಳಬಹುದು, ನನಗೆ ಅದರಲ್ಲೇ ಅರ್ಧ ಸಂತೋಷ.

ಮಂಜ_486
ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ. ಪಾಪ ಅವರು ಮಗಳ ಜೊತೆ ಅರ್ಧ ಗಂಟೆ ಆಡಬೇಕು ಅಂತಿದ್ದಾರೆ, ನೀವು ಡಾಸ್ ಶುರುವಿಗೆ ಓದೋ ಕಾನ್ಫಿಗ್.ಸಿಸ್ ಫೈಲ್ ಬರೆಸೋಕೆ ಕೂರಿಸ್ತಿದ್ದೀರಾ. ಹೈಮೆಮ್, ಇಎಂಎಂ386 ಅನ್ನೋ ಮೆಮೊರಿ ಡ್ರೈವರ್‌ಗಳು, ಬೇಸ್ ಮೆಮೊರಿ ಸಾಲಲಿಲ್ಲ ಅಂತ ಮೌಸ್ ಡ್ರೈವರ್ ಕಿತ್ತು ಹಾಕೋದು... ಆ ಕಷ್ಟ ಒಂದು ಸಲ ಪಟ್ಟಿದ್ದು ಸಾಲದಾ? ಮೇಲಾಗಿ ಬಯೋಸ್ ರೋಮ್ (ROM) ಫೈಲ್‌ಗಳು ಬೇರೆ ಬೇಕು, ಅವು ಕಂಪನಿಗಳ ಸ್ವತ್ತು. ಲ್ಯಾಪ್‌ಟಾಪ್ ಹಳೆಯದಿದ್ದರೆ ಪೆಂಟಿಯಂ ಮಟ್ಟದ ಯಂತ್ರ ಕಟ್ಟಿದ ತಕ್ಷಣ ಅದೂ ತೆವಳುತ್ತೆ.

ಕಡಲತಡಿ_ಗೇಮರ್
ಪೆಂಟಿಯಂಗೆ ಒಳ್ಳೆ ಪ್ರೊಸೆಸರ್ ಬೇಕು, ಒಪ್ಪಿದೆ. ಆದರೆ ವಿಂಗ್ ಕಮಾಂಡರ್‌ಗೆ 386 ಸಾಕಲ್ಲ, ಅದು ಯಾವ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮತ್ತೆ ಎಲ್ಲವನ್ನೂ 'ಆಟ ಓಡಿದರೆ ಸಾಕು' ಅಂತ ಅಳೆಯಬೇಡಿ. 2015ರಲ್ಲಿ '8088 ಎಂಪಿಎಚ್' ಅಂತ ಒಂದು ಡೆಮೋ (ಯಂತ್ರದ ಕೈಚಳಕ ತೋರಿಸುವ ಪ್ರೋಗ್ರಾಂ) ಬಂತು, 4.77 ಮೆಗಾಹರ್ಟ್ಸಿನ ಮೊದಲ ಐಬಿಎಂ ಪಿಸಿ ಮೇಲೆ, ಚಿತ್ರ ತೋರಿಸುವ ಸಾಧಾರಣ ಸಿಜಿಎ ಕಾರ್ಡಿನಲ್ಲಿ ಸಾವಿರ ಬಣ್ಣ ತೋರಿಸಿದರು. ಅವತ್ತಿನ ಒಂದು ಎಮ್ಯುಲೇಟರ್‌ನಲ್ಲೂ ಅದು ಸರಿಯಾಗಿ ಓಡಲಿಲ್ಲ. ಯಾಕೆ? ಒಂದೊಂದು ಕ್ಲಾಕ್ ಎಣಿಸಿ ಬರೆದ ಪ್ರೋಗ್ರಾಂ ಅದು. ಇಂಥವರು ಪೀಡಿಸಿದ್ದಕ್ಕೇ ಎಮ್ಯುಲೇಟರ್ ಬರೆಯುವವರು ಸುಧಾರಿಸಿದ್ದು, ಮಾರ್ಟಿಪಿಸಿ ಅನ್ನುವ ಎಮ್ಯುಲೇಟರ್‌ನಲ್ಲಿ ಈಗ ಅದು ಓಡುತ್ತದೆ.

ಪೇಡೆ_ಪ್ರಿಯ
ಇಬ್ಬರೂ ಜಗಳಾ ಬಿಡ್ರಿ. ಪ್ರಿನ್ಸ್‌ಗೆ ಎಮ್ಯುಲೇಟರೇ ಬೇಡ! ಎಸ್‌ಡಿಎಲ್‌ಪಾಪ್ ಅಂತ ಐತಿ ನೋಡ್ರಿ. ಡಾಸ್ ಪ್ರಿನ್ಸ್‌ನ ಯಂತ್ರಭಾಷೆಯನ್ನು ಬಿಚ್ಚಿ, ಸಾಲು ಸಾಲು ಅರ್ಥ ಮಾಡಿಕೊಂಡು, ಸಿ ಭಾಷೆಯಲ್ಲಿ ಮತ್ತೆ ಬರೆದಿದ್ದಾರೆ. ವಿಂಡೋಸ್‌ನಲ್ಲಿ ನೇರವಾಗಿ ಓಡುತ್ತದೆ. ಎಫ್6 ಒತ್ತಿದರೆ ನಿಂತಲ್ಲೇ ಸೇವ್, ಎಫ್9 ಒತ್ತಿದರೆ ವಾಪಸ್. ಹುಡುಗಿ ಮುಳ್ಳಿನ ಮೇಲೆ ಇಪ್ಪತ್ತು ಸಲ ಬಿದ್ದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಳೇ ಆಟದ ದೋಷ ಹಾಗೇ ಬೇಕು ಅಂದ್ರೆ ಇಟ್ಟುಕೊಳ್ಳಬಹುದು, ಬೇಡ ಅಂದ್ರೆ ತೆಗೆಯಬಹುದು.

ಗುಂಡು ಹಾರಿಸೋ ಆಟ ಡೂಮ್ ಕೂಡ ಹಂಗೇ. ಅದರ ಸೋರ್ಸ್ ಕೋಡ್ 1997ರಲ್ಲೇ ಬಿಟ್ಟುಕೊಟ್ಟರು. ಹಳೇದೇ ರುಚಿ ಬೇಕಾದರೆ ಚಾಕೊಲೇಟ್ ಡೂಮ್, ಹೊಸ ವೈಭವ ಬೇಕಾದರೆ ಜಿಝಡ್‌ಡೂಮ್. ಮಂಕಿ ಐಲ್ಯಾಂಡ್ ಥರದ ಪಾಯಿಂಟ್-ಕ್ಲಿಕ್ ಆಟಗಳಿಗೆ ಸ್ಕಮ್‌ವಿಎಂ. ಇವು ಇರುವಾಗ ಡಾಸ್‌ಬಾಕ್ಸ್ ಯಾಕ್ರಿ?

ಮಂಜ_486
ಇರೋದಕ್ಕೆ ಇದೆ ಸರ್. ಸೋರ್ಸ್ ಸಿಕ್ಕ, ಇಲ್ಲಾ ಯಾರೋ ಪುಣ್ಯಾತ್ಮ ವರ್ಷಗಟ್ಟಲೆ ಕೂತು ಬಿಚ್ಚಿದ ಆಟಗಳಿಗೆ ಮಾತ್ರ ಆ ಭಾಗ್ಯ. ಸಾವಿರಾರು ಆಟ ಉಳೀತಲ್ಲ? ಆದರೆ ಪ್ರಿನ್ಸ್ ವಿಷಯದಲ್ಲಿ ನಿಮ್ಮ ಮಾತು ತಳ್ಳಿಹಾಕಲಾರೆ.

ಕಡಲತಡಿ_ಗೇಮರ್
ನಾನು ತಳ್ಳಿಹಾಕುತ್ತೇನೆ. ಎಫ್6 ಸೇವ್ ಇದ್ದರೆ ಆಟ ಮುಗಿಸಲು ಇರುವ 60 ನಿಮಿಷದ ಗಡುವಿಗೆ ಬೆಲೆ ಎಲ್ಲಿದೆ? ಆ ಹೆದರಿಕೆಯೇ ಆಟ. ಗೋಡೆ ಹಿಡಿದು ನೇತಾಡುತ್ತಾ 'ಬಿದ್ದರೆ ಹಂತ ಮೊದಲಿಂದ' ಅನ್ನುವ ಬೆವರು ಇಲ್ಲದಿದ್ದರೆ ಅದು ಪ್ರಿನ್ಸ್ ಅಲ್ಲ, ಪ್ರಿನ್ಸ್‌ನ ಫೋಟೋ.

ಪೇಡೆ_ಪ್ರಿಯ
ಲ್ಯಾಬ್‌ನಲ್ಲಿ ನೀವು ಮೆಗಾಹಿಟ್ ಅಂತ ಟೈಪ್ ಮಾಡಿ ಶಿಫ್ಟ್ ಎಲ್ ಒತ್ತಿ ಹಂತ ಹಾರಿಸಿಲ್ಲ ಅಂತ ಪ್ರಮಾಣ ಮಾಡ್ರಿ ನೋಡೋಣ.

ಕಡಲತಡಿ_ಗೇಮರ್
ಅದು ಬೇರೆ ವಿಷಯ.

ನ್ಯೂಜೆರ್ಸಿ_ನಾಗು
ಅರ್ಧರಾತ್ರಿ ನಗಿಸಿದಿರಿ. ನಾನು ಮೂರು ವರ್ಷದಿಂದ ಹಲವು ಎಮ್ಯುಲೇಟರ್‌ಗಳನ್ನ ಒಂದೇ ಕಡೆ ಓಡಿಸುವ ರೆಟ್ರೋಆರ್ಚ್ ಒಳಗೆ ಡಾಸ್‌ಬಾಕ್ಸ್ ಪ್ಯೂರ್ ಬಳಸುತ್ತಿದ್ದೇನೆ, ಯಾರೂ ಅದರ ಹೆಸರೇ ಎತ್ತಲಿಲ್ಲ. ಆಟದ ಜಿಪ್ ಫೈಲ್ ಹಾಗೇ ತೆರೆದರೆ ಸಾಕು, ಬಿಚ್ಚಬೇಕಿಲ್ಲ, ಮೌಂಟ್ ಕಮಾಂಡ್ ಹೊಡೆಯಬೇಕಿಲ್ಲ, ಯಾವ ಇಎಕ್ಸ್‌ಇ ಅಂತ ಪಟ್ಟಿ ತೋರಿಸುತ್ತದೆ. ಫೋನಿನಲ್ಲೂ ಓಡುತ್ತದೆ, ಟಿವಿಗೆ ಹಾಕಿ ಗೇಮ್‌ಪ್ಯಾಡ್ ಹಿಡಿದೂ ಆಡಬಹುದು. ಈಗಿನ ಮಕ್ಕಳಿಗೆ ಆ್ಯರೋ ಕೀಗಿಂತ ಗೇಮ್‌ಪ್ಯಾಡ್ ಸಲೀಸು. ರೆಟ್ರೋಆರ್ಚ್‌ನ ಮೆನು ಮಾತ್ರ ಕಾಡು, ಒಳಗೆ ಹೋದರೆ ದಾರಿ ಸಿಗಲ್ಲ.

ಇನ್‌ಸ್ಟಾಲೇ ಬೇಡ ಅಂದರೆ ಇಂಟರ್ನೆಟ್ ಆರ್ಕೈವ್. 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನ ಬ್ರೌಸರ್‌ನಲ್ಲೇ ಆಡುವ ಹಾಗೆ ಹಾಕಿದರು, ಒಳಗಿರೋದು ಡಾಸ್‌ಬಾಕ್ಸೇ. ರುಚಿ ನೋಡಲು ಚೆನ್ನ. ಟ್ಯಾಬ್ ಮುಚ್ಚಿದರೆ ನಿಮ್ಮ ಸೇವ್ ಗೋವಿಂದ.

ಬೈಕಂಪಾಡಿ_ಬೈಟ್
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನನ್ನ ಹತ್ತಿರ ನಿಜವಾದ 486 ಇದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಗುಜರಿ ರಾಶಿಯಿಂದ ಎತ್ತಿಕೊಂಡು ಬಂದದ್ದು. ಹಾರ್ಡ್ ಡಿಸ್ಕ್ ಬದಲು ಅಡಾಪ್ಟರ್ ಹಾಕಿ ಸಿಎಫ್ ಮೆಮೊರಿ ಕಾರ್ಡ್, ಐಎಸ್‌ಎ ಸ್ಲಾಟಿನಲ್ಲಿ ಸದ್ದಿಗೆ ಸೌಂಡ್ ಬ್ಲಾಸ್ಟರ್ ನಕಲು ಕಾರ್ಡ್, ದಪ್ಪ ಹೊಟ್ಟೆಯ ಸಿಆರ್‌ಟಿ ಮಾನಿಟರ್. ಹೇಳುತ್ತೇನೆ ಕೇಳಿ, ಸೆಕೆಂಡಿಗೆ 70 ಸಲ ಬದಲಾಗುವ ವಿಜಿಎ ಚಿತ್ರವನ್ನು 60ರ ಎಲ್‌ಸಿಡಿಗೆ ತುರುಕಿದಾಗ ಪರದೆ ಸರಿಯುವ ಕಡೆಯಲ್ಲೆಲ್ಲ ಒಂದು ಸಣ್ಣ ಮುಗ್ಗರಿಕೆ ಇರುತ್ತದೆ. ಸಿಆರ್‌ಟಿಯಲ್ಲಿ ಅದು ಬೆಣ್ಣೆ. ಕೀ ಒತ್ತಿದ ಕೂಡಲೇ ಹಾರುತ್ತಾನೆ ಪ್ರಿನ್ಸ್.

ಆದರೂ ನಿಮಗೆ ಇದು ಬೇಡ ಅನ್ನುತ್ತೇನೆ. ಆ ಕಾಲದ ಬೋರ್ಡುಗಳ ಮೇಲೆ ಪೀಪಾಯಿ ಆಕಾರದ ಬ್ಯಾಟರಿ ಇರುತ್ತದಲ್ಲ, ಅದು ಸೋರಿ ತಾಮ್ರದ ಗೆರೆಗಳನ್ನೆಲ್ಲ ತಿಂದುಹಾಕುತ್ತದೆ. ನನ್ನ ಮೊದಲ ಬೋರ್ಡ್ ಹಾಗೇ ಹೋಯಿತು, ಹಸಿರು ಪಾಚಿ ಹಿಡಿದ ಬಾವಿಕಟ್ಟೆ ಥರ ಆಗಿತ್ತು. ನಮ್ಮ ಕಡೆಯ ಮಳೆಗಾಲದ ಶೀತಕ್ಕೆ ಫ್ಲಾಪಿಗಳಿಗೂ ಬೂಷ್ಟು. ಎರಡನೇ ಬೋರ್ಡಿನ ಬ್ಯಾಟರಿ ತಂದ ದಿನವೇ ಕತ್ತರಿಸಿ ಎಸೆದೆ. ತಿಂಗಳಲ್ಲಿ ನಾಲ್ಕು ದಿನ ರಿಪೇರಿ, ಒಂದು ದಿನ ಆಟ.

ಮತ್ತೆ ಯಾರೂ ಹೊಸ ಲ್ಯಾಪ್‌ಟಾಪಿಗೆ ಫ್ರೀಡಾಸ್ ಹಾಕಿ ನೇರ ಆಡುತ್ತೇನೆ ಅಂತ ಹೊರಡಬೇಡಿ. ಈಗಿನ ಎಷ್ಟೋ ಯಂತ್ರಗಳಲ್ಲಿ ಹಳೇ ಬಯೋಸೇ ಇಲ್ಲ, ಡಾಸ್ ಬೂಟ್ ಆಗುವುದಿಲ್ಲ. ಬೂಟ್ ಆದರೂ ಸೌಂಡ್ ಬ್ಲಾಸ್ಟರ್ ಎಲ್ಲಿಂದ ತರುತ್ತೀರಿ? ವರ್ಚುವಲ್ ಯಂತ್ರದಲ್ಲೂ ವೇಗಕ್ಕೆ ಲಗಾಮಿಲ್ಲ, ಟರ್ಬೋ ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಎಷ್ಟೋ ಆಟ 'ರನ್‌ಟೈಮ್ ಎರರ್ 200' ಅಂತ ಶುರುವಿಗೇ ಸಾಯುತ್ತವೆ. ಪ್ರೊಸೆಸರ್ ಎಷ್ಟು ವೇಗ ಅಂತ ಅಳೆಯಲು ಹೋಗಿ ಭಾಗಾಕಾರದಲ್ಲಿ ಉತ್ತರ ಹಿಡಿಸದೆ ಉಕ್ಕುವುದು ಅದು.

ಅಟ್ಟದ_ಫ್ಲಾಪಿ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತೆ. ಮಂಜ ಅವರು ಹೇಳಿದ ಹಾಗೆ ಸ್ಟೇಜಿಂಗ್ ಹಾಕಿದೆ, ಹತ್ತು ನಿಮಿಷದ ಕೆಲಸ. ಪ್ರಿನ್ಸ್ ನೀಟಾಗಿ ಉದ್ದ ಆದ, ಕರಕರ ಹೋಯ್ತು. ಸೈಕಲ್ಸ್ ಇಳಿಸಿಕೊಂಡೆ, ವಿಂಗ್ ಕಮಾಂಡರ್ ಆಡುವಷ್ಟಾಯ್ತು, ಆದರೆ ಕಡಲತಡಿಯವರು ಹೇಳಿದ್ದು ಕಣ್ಣಿಗೆ ಬಿತ್ತು: ಗುಂಪು ಬಂದಾಗ ನಿಜವಾಗಿಯೂ ತೆವಳುತ್ತೆ. ನನಗೆ ಅಷ್ಟು ಸಾಕು. 86ಬಾಕ್ಸ್ ದೀಪಾವಳಿ ರಜೆಗೆ ಇಟ್ಟುಕೊಂಡಿದ್ದೀನಿ, ಮೆಮೊರಿ ಎಣಿಸೋ ಸದ್ದು ಕೇಳಬೇಕು ಅಂತ ಆಸೆ ಹುಟ್ಟಿಸಿಬಿಟ್ಟಿರಿ. ಎಸ್‌ಡಿಎಲ್‌ಪಾಪ್ ಹಾಕಲಿಲ್ಲ, ಮಾವನ ಫ್ಲಾಪಿಯಿಂದಲೇ ಆಡಬೇಕು ಅನ್ನೋ ಹಟ.

ಇವತ್ತು ಮಗಳು ಕೂತಳು. ಕತ್ತಿ ಸಿಗುವ ಮೊದಲೇ ಕಾವಲುಗಾರನ ಮುಂದೆ ಹೋಗಿ ಸತ್ತಳು, ಹಲಗೆ ಕುಸಿದು ಸತ್ತಳು, ಬಿಡಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಮೊದಲ ಹಂತ ದಾಟಿದಳು! ಈಗ ಒಂದು ಕೋಣೆ ಬಂದಿದೆ, ತುಂಬಾ ಬಾಟಲಿಗಳಿವೆ, ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ. ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲ ಅಕ್ಷರದ ಬಾಟಲಿ ಕುಡಿ ಅಂತಿದೆ. ಲ್ಯಾಬ್‌ನಲ್ಲಿ ಈ ಕೋಣೆ ನೋಡಿದ ನೆನಪೇ ಇಲ್ಲ.

ಮಂಜ_486
ಲ್ಯಾಬ್‌ನಲ್ಲಿ ಇದ್ದದ್ದು ಕಳ್ಳ ಕಾಪಿ ಸರ್, ಆ ಕೋಣೆ ಕಿತ್ತು ಹಾಕಿರ್ತಿದ್ದರು. ನಿಮ್ಮದು ಒರಿಜಿನಲ್. ಕೈಪಿಡಿ ತೆಗೀರಿ.

ಅಟ್ಟದ_ಫ್ಲಾಪಿ
ಗೆದ್ದಲು ತಿಂದಿದೆ ಅಂದೆನಲ್ಲ.

ಪೇಡೆ_ಪ್ರಿಯ
ಎಸ್‌ಡಿಎಲ್‌ಪಾಪ್‌ನಲ್ಲಿ ಆ ಕೋಣೆ ಆಫ್ ಮಾಡಬಹುದು. ಸುಮ್ನೆ ಹೇಳಿದೆ ಅಷ್ಟೇ ರೀ.