‘ಪಿಕ್ ಅಪ್’ ಅಂದರೆ ಎತ್ತೋದು ಮಾತ್ರವಾ?

ಹೊಸಕಲಿಕೆ: ನಿಘಂಟು ತೆರೆದರೆ ‘ಪಿಕ್ ಅಪ್’ಗೆ ಹತ್ತಕ್ಕೂ ಹೆಚ್ಚು ಅರ್ಥ. ಎತ್ತು, ಕರೆದುಕೊಂಡು ಬಾ, ಕಲಿ, ಚೇತರಿಸಿಕೋ, ಬಿಲ್ ಕೊಡು... ಇಷ್ಟನ್ನೂ ಬಾಯಿಪಾಠ ಮಾಡಬೇಕಾ?

ಪದಬೇಟೆ: ಬೇಡವೇ ಬೇಡ. ಬೇರು ಒಂದೇ, ಇದ್ದಲ್ಲಿಂದ ಎತ್ತಿ ತನ್ನ ಹತ್ತಿರ ಇಟ್ಟುಕೊಳ್ಳೋದು. ನಾಣ್ಯ ಕೈಗೆ ಬರುತ್ತೆ, ನಿಲ್ದಾಣದಲ್ಲಿ ಕಾಯ್ತಿರೋ ಅಣ್ಣ ಕಾರಿಗೆ, ಭಾಷೆ ನಾಲಿಗೆಗೆ, ನೆಗಡಿ ಮೂಗಿಗೆ. ರೇಡಿಯೊ ಸಿಗ್ನಲ್ ಹಿಡಿಯೋದಕ್ಕೂ ಇದೇ ಪದ.

ತರ್ಜುಮೆ: ‘ದ ವಿಂಡ್ ಈಸ್ ಪಿಕಿಂಗ್ ಅಪ್’. ಇಲ್ಲಿ ಗಾಳಿ ಏನನ್ನು ಎತ್ತಿಕೊಳ್ತು ಪದಬೇಟೆಯವರೇ? ಕರ್ಮಪದವೇ ಇಲ್ಲ. ಗಾಳಿ ಜೋರಾಗ್ತಿದೆ ಅಂತಷ್ಟೇ. ವ್ಯಾಪಾರ ಕುದುರಿತು, ವೇಗ ಹೆಚ್ಚಿತು ಅನ್ನೋದೂ ಇದೇ ಸಾಲಿನದು. ಬೇರು ಹುಡುಕೋ ಮೊದಲು ಕರ್ಮ ಇದೆಯಾ ನೋಡಿ. ಭಾಷೆ ವಿಷಯದಲ್ಲೂ ಎಚ್ಚರ: ಕೇಳಿ ಕೇಳಿ ತಾನಾಗಿ ಬಂದರೆ ‘ಪಿಕ್ ಅಪ್’, ಪುಸ್ತಕ ಹಿಡಿದು ಕೂತು ಕಲಿತರೆ ‘ಲರ್ನ್’ ಅಥವಾ ‘ಸ್ಟಡಿ’.

ಪದಬೇಟೆ: ಗಾಳಿ ವಿಷಯ ಒಪ್ಪಿದೆ. ಆದರೂ ನಮ್ಮ ‘ಹತ್ತು’ ನೋಡಿ. ಮರ ಹತ್ತಿದ, ಬೆಂಕಿ ಹತ್ತಿತು, ನಿದ್ದೆ ಹತ್ತಿತು. ಯಾರು ಪಟ್ಟಿ ಮಾಡಿ ಕಲಿತರು? ಪಕ್ಕದ ಪದವೇ ಅರ್ಥ ಹೇಳುತ್ತೆ.

ಕಾಗುಣಿತ: ಅರ್ಥದ ಜಗಳ ಆಮೇಲೆ ಮಾಡಿ. ಜನ ಎಡವೋದು ಪದದ ಜಾಗದಲ್ಲಿ. ‘ಪಿಕ್ ಅಪ್ ದ ಬಾಕ್ಸ್’, ‘ಪಿಕ್ ದ ಬಾಕ್ಸ್ ಅಪ್’ ಎರಡೂ ಸರಿ. ಬಾಕ್ಸ್ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಪಿಕ್ ಇಟ್ ಅಪ್’. ‘ಪಿಕ್ ಅಪ್ ಇಟ್’ ಖಂಡಿತ ತಪ್ಪು. ಆದರೆ ‘ಆನ್’ ಸೇರಿದರೆ ಲೆಕ್ಕ ತಲೆಕೆಳಗು. ‘ಪಿಕ್ ಅಪ್ ಆನ್’ ಅಂದರೆ ಬಾಯಿಬಿಟ್ಟು ಹೇಳದ್ದನ್ನೂ ಗ್ರಹಿಸೋದು. ಅಲ್ಲಿ ‘ಇಟ್’ ಕೊನೆಗೇ ಬರುತ್ತೆ, ‘ಶೀ ಪಿಕ್ಡ್ ಅಪ್ ಆನ್ ಇಟ್’.

ಹೊಸಕಲಿಕೆ: ಹಾಗಾದ್ರೆ ನಾವು ದಿನಾ ಹೇಳೋ ‘ಫೋನ್ ಪಿಕ್ ಮಾಡಲಿಲ್ಲ’?

ಕಾಗುಣಿತ: ಕನ್ನಡದ ಮಾತಲ್ಲಿ ನಡೆಯುತ್ತೆ ಬಿಡಿ. ಅದನ್ನೇ ‘ಹಿ ಡಿಡಂಟ್ ಪಿಕ್ ದ ಫೋನ್’ ಅಂತ ಇಂಗ್ಲಿಷಿಗೆ ಸಾಗಿಸಿದರೆ ಕೆಟ್ಟಿತು. ಬರೀ ‘ಪಿಕ್’ ಅಂದರೆ ಆರಿಸು, ಇಲ್ಲಾ ಹೂವು ಹಣ್ಣು ಕೀಳು. ಇಟ್ಟಿರೋ ನಾಲ್ಕು ಫೋನಿನಲ್ಲಿ ಅದೊಂದನ್ನು ಆರಿಸಲಿಲ್ಲ ಅಂದ ಹಾಗಾಗುತ್ತೆ. ‘ಹಿ ಡಿಡಂಟ್ ಪಿಕ್ ಅಪ್’ ಸಾಕು, ಫೋನ್ ಅನ್ನೋದೇ ಬೇಡ.

ತರ್ಜುಮೆ: ‘ಗಾಡಿಗೆ ಪಿಕಪ್ ಇಲ್ಲ’ ಅನ್ನೋದನ್ನು ಯಾರಾದರೂ ತಪ್ಪು ಅನ್ನೋ ಮೊದಲು ಹೇಳಿಬಿಡ್ತೀನಿ, ನಾಮಪದವಾಗಿ ವೇಗ ಏರಿಸೋ ಶಕ್ತಿ ಅನ್ನೋ ಅರ್ಥ ಇಂಗ್ಲಿಷಿನಲ್ಲೂ ಇದೆ. ನಾಮಪದವಾದರೆ ಒಂದೇ ಪದವಾಗಿ ಬರೀತಾರೆ, ಒತ್ತು ‘ಪಿಕ್’ ಮೇಲೆ. ಕ್ರಿಯಾಪದವಾದರೆ ಎರಡು ಪದ. ಭೂತಕಾಲ ‘ಪಿಕ್ಡ್ ಅಪ್’. ‘ಪಿಕಪ್ಡ್’ ಅನ್ನೋದೊಂದು ಓಡಾಡ್ತಿದೆ, ದಯವಿಟ್ಟು ಬೇಡ.

ಪದಬೇಟೆ: ಇನ್ನೊಂದು ಬಿಟ್ಟೇಹೋಯ್ತು. ‘ಪಿಕ್ಡ್ ಹರ್ ಅಪ್ ಅಟ್ ದ ಸ್ಟೇಷನ್’ ಅಂದರೆ ಕರೆದುಕೊಂಡು ಬಂದ. ಸ್ಟೇಷನ್ ಜಾಗದಲ್ಲಿ ‘ಬಾರ್’ ಹಾಕಿದರೆ ಅಪರಿಚಿತಳನ್ನು ಪಟಾಯಿಸಿದ ಅನ್ನೋ ಧ್ವನಿ ಬರಬಹುದು.

ತರ್ಜುಮೆ: ನೋಡಿ, ಅಲ್ಲಿ ನಿಮ್ಮ ‘ಪಕ್ಕದ ಪದ’ದ ಮಾತೇ ಗೆದ್ದಿತು.